ಕೈತೋಟದ ಪತ್ರಿಕೆಗೆ ಚಂದಾ ಕಟ್ಟುವ ಮೊದಲು ಹೀಗೆ ಪರೀಕ್ಷೆ ಮಾಡಿ: ಸಮಗ್ರ ಮಾರ್ಗದರ್ಶಿ

ತಾರಸಿ ತೋಟ ಮಾಡುವವರಿಂದ ಮತ್ತೆ ಮತ್ತೆ ಬರುವ ದೂರು ಒಂದೇ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಾರೆ, ಮಳಿಗೆಯಲ್ಲಿ ಮುಖಪುಟದ ಗುಲಾಬಿ ನೋಡಿ ಮೂರು ವರ್ಷದ ಚಂದಾ ಕಟ್ಟಿ ಬರುತ್ತಾರೆ, ಮೊದಲ ಎರಡು ಸಂಚಿಕೆ ಓದುತ್ತಾರೆ. ಮೂರನೆಯದು ಪ್ಲಾಸ್ಟಿಕ್ ಕವರ್ ಸಮೇತ ಟೀಪಾಯಿ ಕೆಳಗೆ ಸೇರುತ್ತದೆ. ಇನ್ನು ಕೆಲವರು ಓದಿದ್ದನ್ನು ಹಾಗೇ ಮಾಡಿ ಗಿಡ ಕಳೆದುಕೊಂಡು, "ನನ್ನ ಕೈಗುಣವೇ ಸರಿ ಇಲ್ಲ ಬಿಡಿ" ಎಂದು ಸುಮ್ಮನಾಗುತ್ತಾರೆ. ಕೈಗುಣ ಸರಿಯಾಗಿಯೇ ಇರುತ್ತದೆ. ಆ ಲೇಖನ ಬೇರೆ ಊರಿನ ಬಿಸಿಲಿಗೆ ಬರೆದದ್ದು ಅಷ್ಟೇ.

ಪತ್ರಿಕೆ ಆರಿಸುವಾಗ ಎಲ್ಲರೂ ಪತ್ರಿಕೆಯಿಂದ ಶುರು ಮಾಡುತ್ತಾರೆ. ನಿಮ್ಮ ತೋಟದಿಂದ ಶುರು ಮಾಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾಕೆಂದರೆ ಒಂದನೇ ಹಂತದಲ್ಲಿ ಬರೆದದ್ದು ಕೊನೆಯವರೆಗೂ ಬೇಕಾಗುತ್ತದೆ. ಪೂರ್ತಿ ಮುಗಿಸಲು ಒಂದೂವರೆ ತಿಂಗಳು ಹಿಡಿಯುತ್ತದೆ. ಅದರಲ್ಲಿ ನಿಮ್ಮ ಕೆಲಸ ನಾಲ್ಕೈದು ಗಂಟೆಯದು, ಉಳಿದದ್ದು ಸೊಪ್ಪು ಬೆಳೆಯುವ ಸಮಯ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, ಪೆನ್ಸಿಲ್, ದಿಕ್ಕು ನೋಡಲು ಮೊಬೈಲ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ. ಒಂದೇ ಅಳತೆಯ ನಾಲ್ಕು ಕುಂಡ. ಅಡುಗೆಮನೆಯ ತೂಕದ ಯಂತ್ರ. ಮತ್ತು ಪತ್ರಿಕೆಯ ಮೂರು ಹಳೆಯ ಸಂಚಿಕೆ. ಹೊಸ ಸಂಚಿಕೆ ಸದ್ಯಕ್ಕೆ ಬೇಡ.

ಹಂತ 1: ನಿಮ್ಮ ತೋಟದ ಬಗ್ಗೆ ಒಂದು ಪುಟ ಬರೆಯಿರಿ

ಕುಂಡ ಎಷ್ಟಿವೆ, ಯಾವ ಅಳತೆಯವು, ಏನು ಬೆಳೆಯುತ್ತೀರಿ ಎಂದು ಬರೆಯಿರಿ. ಬೆಳಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಯಾವ ಮೂಲೆಯಲ್ಲಿ ಬಿಸಿಲು ಇರುತ್ತದೆ ಎಂದು ಗುರುತು ಹಾಕಿ. ನೀರು ಕಾವೇರಿಯದೋ ಬೋರ್‌ವೆಲ್ಲಿನದೋ ಎನ್ನುವುದೂ ಮುಖ್ಯ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ನಿಮ್ಮ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಎಂದು ಬರೆದುಕೊಳ್ಳಿ.

ಆಮೇಲೆ ಕಳೆದ ವರ್ಷ ನಿಮಗೆ ಉತ್ತರ ಸಿಗದ ಐದು ಪ್ರಶ್ನೆ ಬರೆಯಿರಿ. "ಏಪ್ರಿಲ್‌ನಲ್ಲಿ ಟೊಮೆಟೊ ಹೂವು ಯಾಕೆ ಉದುರಿತು?", "ಕರಿಬೇವು ಯಾಕೆ ಚಿಗುರಲಿಲ್ಲ?", ಹೀಗೆ. ಈ ಐದು ಪ್ರಶ್ನೆ ಇಲ್ಲದೆ ಪತ್ರಿಕೆ ತಿರುವಿದರೆ ಎಲ್ಲ ಪತ್ರಿಕೆಯೂ ಚೆನ್ನಾಗಿಯೇ ಕಾಣುತ್ತದೆ. ಜನ ಎಡವುವ ಮೊದಲ ಜಾಗ ಇದು.

ಹಂತ 2: ಸರಿಯಾದ ಮೂರು ಸಂಚಿಕೆ ಹುಡುಕಿ

ಬೇಸಿಗೆಯದೊಂದು (ಮಾರ್ಚ್ ಅಥವಾ ಏಪ್ರಿಲ್), ಮಳೆಗಾಲದ್ದೊಂದು (ಜೂನ್ ಅಥವಾ ಜುಲೈ), ಚಳಿಗಾಲದ್ದೊಂದು (ನವೆಂಬರ್ ಅಥವಾ ಡಿಸೆಂಬರ್). ವಿಶೇಷಾಂಕ ಬೇಡ. ವಿಶೇಷಾಂಕಕ್ಕೆ ಎಲ್ಲರೂ ಒಳ್ಳೆಯ ಲೇಖನ ಎತ್ತಿಟ್ಟುಕೊಂಡಿರುತ್ತಾರೆ, ಅದು ಹಬ್ಬದ ಅಡುಗೆ. ನೀವು ರುಚಿ ನೋಡಬೇಕಾದದ್ದು ದಿನದ ಅನ್ನ ಸಾರು.

ಹಳೆಯ ಸಂಚಿಕೆ ಸಿಗುವ ಜಾಗ: ಬೆಂಗಳೂರಿನಲ್ಲಾದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಬಡಾವಣೆಯ ಶಾಖಾ ಗ್ರಂಥಾಲಯ, ಹಳೇ ಪೇಪರ್ ಅಂಗಡಿ, ನಿಮಗಿಂತ ಮೊದಲೇ ಚಂದಾದಾರರಾದ ಗೆಳೆಯರು. ನವೆಂಬರ್ ಹೊತ್ತಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಆದಾಗಲೂ ಹುಡುಕಬಹುದು.

ಯಾವ ಬಗೆಯ ಪತ್ರಿಕೆ ಎನ್ನುವುದನ್ನೂ ಇಲ್ಲೇ ವಿಂಗಡಿಸಿ. ಕನ್ನಡದಲ್ಲಿ ಬರುವುದರಲ್ಲಿ ಹೆಚ್ಚಿನವು ಕೃಷಿ ಪತ್ರಿಕೆಗಳು, ಕುಂಡದ ತೋಟ ಅವುಗಳಲ್ಲಿ ಒಂದು ಮೂಲೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆಯಲ್ಲಿ ಕೃಷಿಕರೇ ಬರೆಯುತ್ತಾರೆ. ಹಿತ್ತಿಲಲ್ಲಿ ನಾಲ್ಕು ಮರ, ಒಂದಷ್ಟು ಜಾಗ ಇರುವವರಿಗೆ ಅದು ಬಹಳ ಉಪಯೋಗ. ಮೂರನೇ ಮಹಡಿಯಲ್ಲಿ ಇಪ್ಪತ್ತು ಕುಂಡ ಇಟ್ಟವರು ಅದರಲ್ಲಿ ತಮಗೆ ಬೇಕಾದ್ದನ್ನು ಆಯ್ದುಕೊಳ್ಳಬೇಕು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಇಂಡಿಯನ್ ಹಾರ್ಟಿಕಲ್ಚರ್ ಇಂಗ್ಲಿಷಿನಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ತಳಿಗಳ ವಿಚಾರಕ್ಕೆ ನೆಚ್ಚಬಹುದು, ಆದರೆ ಅದರ ಭಾಷೆ ಸಂಶೋಧಕರದು. ಬಿಬಿಸಿ ಗಾರ್ಡನರ್ಸ್ ವರ್ಲ್ಡ್‌ನಂಥ ವಿದೇಶಿ ಪತ್ರಿಕೆಯ ಫೋಟೊ, ವಿನ್ಯಾಸ ಕಣ್ಣಿಗೆ ಹಬ್ಬ. ಅದನ್ನು ಓದುವ ಮೊದಲು ನಾಲ್ಕನೇ ಹಂತ ಖಂಡಿತ ಮಾಡಿ.

ಒಂದು ಎಚ್ಚರಿಕೆ. ಗುಜರಿಯಲ್ಲಿ ತೀರಾ ಹಳೆಯ ಸಂಚಿಕೆ ಸಿಕ್ಕರೆ ಅದರಲ್ಲಿರುವ ಔಷಧಿಯ ಸಲಹೆ ಪಾಲಿಸಬೇಡಿ. ಎಂಡೋಸಲ್ಫಾನ್ ಹೊಡೆಯಿರಿ ಎಂದು ಬರೆದಿರಬಹುದು, ಅದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ನಿಷೇಧಿಸಿದೆ. ಇತ್ತೀಚಿನ ಸಂಚಿಕೆಯಲ್ಲೇ ತರಕಾರಿಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹೇಳಿದ್ದರೆ ಮುಂದಿನ ಹಂತಕ್ಕೆ ಹೋಗುವುದೇ ಬೇಡ. ಅದು ತರಕಾರಿಗೆ ನಿಷಿದ್ಧ. ಆ ಪತ್ರಿಕೆಯನ್ನು ಅಲ್ಲಿಗೇ ಕೈಬಿಡಿ.

ಹಂತ 3: ಸಣ್ಣ ಅಕ್ಷರ ಮತ್ತು ಜಾಹೀರಾತು

ಸಂಪಾದಕರು, ಪ್ರಕಾಶಕರು, ಮುದ್ರಕರು ಯಾರು, ಎಲ್ಲಿಂದ ಪ್ರಕಟವಾಗುತ್ತದೆ, ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. ಐದು ನಿಮಿಷದ ಕೆಲಸ. ಹೆಸರು, ವಿಳಾಸ ಇಲ್ಲದ ಪತ್ರಿಕೆಗೆ ಮುಂಗಡ ದುಡ್ಡು ಕೊಡಬೇಡಿ.

ಜಾಹೀರಾತು ಇರುವುದು ತಪ್ಪಲ್ಲ, ಪತ್ರಿಕೆ ಅದರಿಂದಲೇ ಬದುಕಬೇಕು. ಆದರೆ ಎಡಪುಟದಲ್ಲಿ "ಗಿಡಕ್ಕೆ ಹೊಸ ಚೈತನ್ಯ" ಎಂಬ ಲೇಖನ, ಬಲಪುಟದಲ್ಲಿ ಅದೇ ಟಾನಿಕ್ಕಿನ ಜಾಹೀರಾತು ಇದ್ದರೆ ಆ ಲೇಖನ ಬರೆದವರು ಯಾರು ಎಂದು ಕೇಳಿಕೊಳ್ಳಿ. ಮೂರು ಸಂಚಿಕೆಯಲ್ಲಿ ಒಮ್ಮೆ ಹೀಗೆ ಕಂಡರೆ ಕ್ಷಮಿಸಬಹುದು. ಮೂರರಲ್ಲೂ ಕಂಡರೆ ಬಿಟ್ಟುಬಿಡಿ.

ಹಂತ 4: ಬಿಸಿಲು ಮತ್ತು ತಿಂಗಳು ನಿಮ್ಮ ಊರಿನದೇ?

ಅತಿ ಹೆಚ್ಚು ಗಿಡ ಸಾಯುವುದು ಇಲ್ಲಿ ತಪ್ಪಿದಾಗ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿದೇಶಿ ಪತ್ರಿಕೆಯಲ್ಲಿ, ಅಲ್ಲಿಂದ ಅನುವಾದಿಸಿದ ನಮ್ಮ ಪತ್ರಿಕೆಗಳಲ್ಲೂ, "ಬಿಸಿಲು ಬೇಕಾದ ಗಿಡವನ್ನು ದಕ್ಷಿಣದ ಗೋಡೆ ಪಕ್ಕ ಇಡಿ", ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಪಕ್ಕ, ಎನ್ನುವ ಮಾತು ಬಂದೇ ಬರುತ್ತದೆ. ಇಂಗ್ಲೆಂಡಿನಲ್ಲಿ ಅದು ನಿಜ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ನೇರ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಮುಂದೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಹೊತ್ತಿಗೆ. ನಡುವಿನ ಆ ನಾಲ್ಕು ತಿಂಗಳು ದಕ್ಷಿಣದ ಗೋಡೆಗೆ ಬೆಳಗ್ಗಿನಿಂದ ಸಂಜೆವರೆಗೂ ನೇರ ಬಿಸಿಲು ಬೀಳುವುದೇ ಇಲ್ಲ!

ನಾನು ಹೀಗೆ ಒಂದು ಲೇಖನ ನಂಬಿ ಆರು ಗುಲಾಬಿ ಕುಂಡಗಳನ್ನು ಮೇ ತಿಂಗಳಲ್ಲಿ ದಕ್ಷಿಣದ ಗೋಡೆಗೆ ಒರಗಿಸಿ ಇಟ್ಟಿದ್ದೆ. ಜುಲೈ ಹೊತ್ತಿಗೆ ಕಡ್ಡಿಗಳು ಉದ್ದುದ್ದಕ್ಕೆ ಎಳೆದುಕೊಂಡು ಬೆಳೆದವು, ಮೊಗ್ಗು ಒಂದೂ ಇಲ್ಲ, ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ. ಅಮ್ಮ ಮೇಲೆ ಬಂದವರೇ "ಬಿಸಿಲೆಲ್ಲ ಆ ಕಡೆ ಇದೆಯಲ್ಲೋ, ಇಲ್ಲಿ ಯಾಕೆ ಇಟ್ಟೆ?" ಎಂದರು. ಕುಂಡಗಳನ್ನು ಪೂರ್ವದ ಅಂಚಿಗೆ ಸರಿಸಿದ ಮೇಲೆ ಹೊಸ ಚಿಗುರು ಬಂತು.

ಹಾಗಾಗಿ ಬೇಸಿಗೆ ಸಂಚಿಕೆ ತೆಗೆದು ದಿಕ್ಕು, ನೆರಳಿನ ಬಗ್ಗೆ ಏನು ಬರೆದಿದ್ದಾರೆ ನೋಡಿ. ನಿಮ್ಮ ಪುಟದಲ್ಲಿ ಬರೆದ ಬಿಸಿಲಿಗೆ ಹೋಲಿಸಿ.

ಮುಂದೆ ತಿಂಗಳು. "ಏಪ್ರಿಲ್‌ನಲ್ಲಿ ಬೀಜ ಹಾಕಿ" ಎಂದರೆ ಅವರಿಗೆ ಹಿಮ ಕರಗುವ ಕಾಲ, ನಮಗೆ ಕಾದ ತಾರಸಿ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಹೂಕೋಸು, ಕ್ಯಾರೆಟ್, ಬಟಾಣಿಗೆ ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಿತ್ತನೆ ಸರಿ. ಅಮೆರಿಕದ ಪತ್ರಿಕೆಗಳಲ್ಲಿ ಗಿಡದ ಹೆಸರಿನ ಪಕ್ಕ "ಝೋನ್ 9", "ಝೋನ್ 10" ಎಂದಿರುತ್ತದಲ್ಲ, ಅದು ಆ ಜಾಗದಲ್ಲಿ ಚಳಿ ಎಷ್ಟು ಕೆಳಗೆ ಇಳಿಯುತ್ತದೆ ಎನ್ನುವ ಲೆಕ್ಕ ಮಾತ್ರ. ನಮ್ಮ ಬಿಸಿಲು, ಮಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕನ್ನಡ ಪತ್ರಿಕೆ ಅಂದಮಾತ್ರಕ್ಕೆ ನಿಶ್ಚಿಂತೆ ಇಲ್ಲ. "ಜೂನ್‌ನಲ್ಲಿ ಕುಂಡಕ್ಕೆ ಗೊಬ್ಬರ ಕೊಡಿ" ಎನ್ನುವುದು ಬೆಂಗಳೂರಿಗೆ ಸರಿ. ಮಂಗಳೂರು, ಉಡುಪಿಯ ಜೂನ್ ಮಳೆಗೆ ಆ ಗೊಬ್ಬರ ಕುಂಡದ ತೂತಿನಿಂದ ಹರಿದು ಹೋಗುತ್ತದೆ. ವಿಜಯಪುರದಲ್ಲಿ ಮಳೆಯೇ ಬಂದಿಲ್ಲದಿರಬಹುದು. ಒಳ್ಳೆಯ ಪತ್ರಿಕೆ ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಬೇರೆ ಬೇರೆ ಮಾಡಿ ಹೇಳುತ್ತದೆ. "ಮೃಗಶಿರ ಮಳೆ ಹಿಡಿದ ಮೇಲೆ" ಎಂದು ಬರೆದಿದ್ದರೆ ಬರೆದವರು ಮಳೆ ನೋಡಿ ಕೆಲಸ ಮಾಡುವವರು ಎಂದು ನನಗೆ ನಂಬಿಕೆ ಬರುತ್ತದೆ.

ಇಲ್ಲೇ ಇನ್ನೊಂದು ಅನುವಾದದ ಗುಂಡಿ ಇದೆ. ಬ್ರಿಟಿಷ್ ಪತ್ರಿಕೆಯಲ್ಲಿ "ಕುಂಡಕ್ಕೆ ಕಾಂಪೋಸ್ಟ್ ತುಂಬಿ" ಎಂದರೆ ಕುಂಡಕ್ಕೆ ಹಾಕುವ ಸಿದ್ಧ ಮಿಶ್ರಣ ಎಂದು ಅರ್ಥ. ನಮ್ಮಲ್ಲಿ ಕಾಂಪೋಸ್ಟ್ ಎಂದರೆ ಗೊಬ್ಬರ. ಅನುವಾದ ಓದಿ ಬರೀ ಗೊಬ್ಬರ ತುಂಬಿ ಸಸಿ ನೆಟ್ಟವರು ಎಷ್ಟೋ ಜನ. ಗೊಬ್ಬರ ಕುಸಿಯುತ್ತದೆ, ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಮಣ್ಣು, ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎಷ್ಟೆಷ್ಟು ಪಾಲು ಎಂದು ಬರೆದಿದ್ದಾರೆಯೇ ನೋಡಿ. ಕೊಕೊಪೀಟ್ ಅನ್ನು ಮೊದಲು ತೊಳೆದು ಉಪ್ಪು ತೆಗೆಯಿರಿ ಎಂದೂ ಹೇಳಿದ್ದರೆ ಒಂದು ಅಂಕ ಜಾಸ್ತಿ ಕೊಡಿ.

ಹಂತ 5: ಒಂದು ರೋಗದ ಲೇಖನವನ್ನು ಬೆರಳಿಟ್ಟು ಓದಿ

ಮೂರು ಸಂಚಿಕೆಯಲ್ಲಿ ಎಲ್ಲಾದರೂ ಮೆಣಸಿನ ಗಿಡದ ಮುಟುರು ರೋಗದ ಲೇಖನ ಇದ್ದೇ ಇರುತ್ತದೆ. ಅದನ್ನು ಆರಿಸಿಕೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

"ಎಲೆ ಮುದುಡಿದರೆ ಬೇವಿನ ಎಣ್ಣೆ ಹೊಡೆಯಿರಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಆ ಪತ್ರಿಕೆ ನಪಾಸು. ಯಾಕೆಂದರೆ ಮುದುಡುವುದರಲ್ಲೇ ಮೂರು ಬಗೆ ಇದೆ. ಥ್ರಿಪ್ಸ್ ಹುಳು ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯಂತಾಗುತ್ತದೆ. ಎಲೆ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟಿ, ಹಳದಿ ಬಣ್ಣದ ಸಣ್ಣ ಹುಳುಗಳು ಕಾಗದದ ಮೇಲೆ ಓಡುವುದು ಕಾಣುತ್ತದೆ. ಮೈಟ್ ನುಸಿ ಬಂದರೆ ಅಂಚು ಕೆಳಕ್ಕೆ ಮಡಚುತ್ತದೆ, ದೋಣಿ ಬೋರಲು ಹಾಕಿದ ಹಾಗೆ. ಎಲೆ ಸಪೂರ ಆಗುತ್ತದೆ, ತೊಟ್ಟು ಉದ್ದ ಆಗುತ್ತದೆ. ಈ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, ಎಲೆಯ ಅಡಿಯನ್ನು ಕೈಮಸೂರದಲ್ಲಿ ನೋಡಬೇಕು, ಆಗಲೂ ಕಷ್ಟಪಟ್ಟು. ಮೂರನೆಯದು ಬಿಳಿ ನೊಣ ಹರಡುವ ವೈರಸ್. ಗಿಡ ಗಿಡ್ಡವಾಗಿ, ಎಲೆ ಚಿಕ್ಕದಾಗಿ ಹಳದಿಗೆ ತಿರುಗುತ್ತದೆ. ಅದಕ್ಕೆ ಔಷಧಿ ಇಲ್ಲ, ಗಿಡ ಕಿತ್ತು ಹಾಕಿ ಉಳಿದವನ್ನು ಕಾಪಾಡಿಕೊಳ್ಳಬೇಕು.

ಮೂರೂ ಬೇರೆ, ಮೂರಕ್ಕೂ ಉಪಾಯ ಬೇರೆ. ಲೇಖನ ಇದನ್ನು ಬಿಡಿಸಿ ಹೇಳುತ್ತದೆಯೇ? ಫೋಟೊದಲ್ಲಿ ಎಲೆ ಯಾವ ಕಡೆ ಮಡಚಿದೆ ಎಂದು ಕಾಣುತ್ತದೆಯೇ? "ಈ ಹಂತ ದಾಟಿದರೆ ಗಿಡ ಉಳಿಯುವುದಿಲ್ಲ" ಎಂದು ಹೇಳುವ ಧೈರ್ಯ ಇದೆಯೇ? ಸೋತದ್ದನ್ನು ಬರೆಯುವ ಪತ್ರಿಕೆಯನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ, ಎಲ್ಲದಕ್ಕೂ ಮದ್ದು ಇದೆ ಎನ್ನುವುದನ್ನು ನಂಬುವುದಿಲ್ಲ.

ಮುಟುರು ಸಿಗದಿದ್ದರೆ ಟೊಮೆಟೊ ಕಾಯಿಯ ತಳ ಕಪ್ಪಾಗುವುದರ ಬಗ್ಗೆ ಹುಡುಕಿ. "ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ" ಎನ್ನುವಲ್ಲಿಗೇ ನಿಂತಿದ್ದರೆ ಸಾಲದು. ಕಾಯಿಗೆ ಕ್ಯಾಲ್ಸಿಯಂ ಮುಟ್ಟದಿರುವುದು ಕಾರಣ ಹೌದು, ಆದರೆ ಕುಂಡದಲ್ಲಿ ಅದು ಮುಟ್ಟದಿರುವುದು ಹೆಚ್ಚಾಗಿ ನೀರು ಒಂದು ದಿನ ಸುರಿದು ಎರಡು ದಿನ ಮರೆಯುವುದರಿಂದ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು.

ಹಂತ 6: ಅಳತೆ ನೋಡಿ

ಲೇಖನದಲ್ಲಿ ಬರುವ ಎಲ್ಲ ಅಳತೆಗೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. "ಸ್ವಲ್ಪ", "ಬೇಕಾದಷ್ಟು" ಜಾಸ್ತಿ ಇದ್ದರೆ ಎಚ್ಚರ. "ಒಂದು ಚಮಚ" ಇನ್ನೂ ಅಪಾಯ. ಟೀ ಚಮಚ 5 ಮಿ.ಲೀ., ದೊಡ್ಡ ಚಮಚ 15 ಮಿ.ಲೀ. ರಾಸಾಯನಿಕ ಗೊಬ್ಬರದಲ್ಲಿ ಮೂರು ಪಟ್ಟು ಹೆಚ್ಚಾದರೆ ಎಲೆ ಅಂಚು ಸುಟ್ಟು ಹೋಗುತ್ತದೆ. "ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ, ಸಂಜೆ ಸಿಂಪಡಿಸಿ" ಎಂದಿದ್ದರೆ ಅದು ಕೆಲಸಕ್ಕೆ ಬರುವ ಸಾಲು.

ಇನ್ನೊಂದು, ಎಕರೆಯ ಲೆಕ್ಕ. ಜೀವಾಮೃತ ಎಂದರೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಎಂದು ಎಲ್ಲರೂ ಬರೆಯುತ್ತಾರೆ. ಅದು ಒಂದು ಎಕರೆಗೆ. ಬಕೆಟ್ಟಿನಲ್ಲಿ ಮಾಡುವವರಿಗೆ 10 ಲೀಟರಿಗೆ 500 ಗ್ರಾಂ ಸಗಣಿ, 250ರಿಂದ 500 ಮಿ.ಲೀ. ಗಂಜಲ, ಬೆಲ್ಲ ಮತ್ತು ಹಿಟ್ಟು 100 ಗ್ರಾಂ ತಲಾ ಎಂದು ಇಳಿಸಿ ಕೊಟ್ಟಿದ್ದಾರೆಯೇ? ಒಂದು ಕುಂಡಕ್ಕೆ ಎಷ್ಟು ಎಂದು ಹೇಳಿದ್ದಾರೆಯೇ? ಕುಂಡದವರನ್ನು ನೆನಪಿಟ್ಟು ಬರೆದಿದ್ದಾರೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ. ತಾರಸಿ ಬಗ್ಗೆ ಬರೆಯುವವರು ಭಾರ ಮತ್ತು ನೀರು ಸೋರುವುದರ ಮಾತೇ ಎತ್ತದಿದ್ದರೆ ಅದೂ ಕೊರತೆಯೇ.

ಹಂತ 7: ಒಂದು ಪ್ರಶ್ನೆ ಕಳಿಸಿ

ನಿಮ್ಮ ಐದು ಪ್ರಶ್ನೆಗಳಲ್ಲಿ ಒಂದನ್ನು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬೇಕೆಂದೇ ಒಂದು ವಿವರ ಬಿಡಿ, ಕುಂಡದ ಅಳತೆಯನ್ನೋ ಬಿಸಿಲಿನ ಗಂಟೆಯನ್ನೋ. ಬಲ್ಲವರು "ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?" ಎಂದು ವಾಪಸ್ ಕೇಳುತ್ತಾರೆ. ಏನೂ ಕೇಳದೆ ಔಷಧಿ ಹೆಸರು ಕಳಿಸಿದರೆ ಅರ್ಥ ಮಾಡಿಕೊಳ್ಳಿ. ಮೂರು ವಾರ ಕಾಯಿರಿ, ಚಿಕ್ಕ ಪತ್ರಿಕೆಗಳಲ್ಲಿ ಒಬ್ಬಿಬ್ಬರೇ ಎಲ್ಲ ಕೆಲಸ ಮಾಡುತ್ತಿರುತ್ತಾರೆ. ಕಾಯುವಾಗ ಮುಂದಿನ ಹಂತ ಶುರು ಮಾಡಿ.

ಹಂತ 8: ನಾಲ್ಕು ಕುಂಡದ ಪ್ರಯೋಗ

ಪತ್ರಿಕೆಯಿಂದ ಒಂದೇ ಒಂದು ಸಲಹೆ ಆರಿಸಿ. ಗೊಬ್ಬರದ್ದೋ ಮಣ್ಣಿನ ಮಿಶ್ರಣದ್ದೋ ಆದರೆ ಅನುಕೂಲ. ಬೆಳೆ ಮೆಂತ್ಯ ಅಥವಾ ಹರಿವೆ ಇರಲಿ, ತಿಂಗಳೊಳಗೆ ಕೈಗೆ ಬರುತ್ತದೆ.

ನಾಲ್ಕೂ ಕುಂಡಕ್ಕೆ ಒಂದೇ ಪೊಟ್ಟಣದ ಬೀಜ, ಒಂದೇ ದಿನ, ಎಣಿಸಿ ಹಾಕಿ. ಎರಡಕ್ಕೆ ಪತ್ರಿಕೆ ಹೇಳಿದ ಹಾಗೆ, ಎರಡಕ್ಕೆ ನೀವು ಯಾವಾಗಲೂ ಮಾಡುವ ಹಾಗೆ. ಕುಂಡದ ಮೇಲೆ ಗುರುತು ಬರೆಯಿರಿ, ನೆನಪಿರುತ್ತದೆ ಎಂದುಕೊಳ್ಳಬೇಡಿ. ನೀರನ್ನು ಅಳೆದೇ ಹಾಕಿ. ವಾರಕ್ಕೊಮ್ಮೆ ಕುಂಡಗಳ ಜಾಗ ಅದಲು ಬದಲು ಮಾಡಿ, ಇಲ್ಲದಿದ್ದರೆ ಬಿಸಿಲಿನ ವ್ಯತ್ಯಾಸವೇ ಗೊಬ್ಬರದ ವ್ಯತ್ಯಾಸ ಎಂದು ತೋರುತ್ತದೆ. ಎರಡೆರಡು ಯಾಕೆಂದರೆ ಒಂದನ್ನು ಪಾರಿವಾಳ ಕೆದಕಿದರೂ ಇನ್ನೊಂದು ಉಳಿದಿರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಪತ್ರಿಕೆಯ ಕುಂಡಕ್ಕೆ ಗೊತ್ತಿಲ್ಲದೆ ಜಾಸ್ತಿ ಆರೈಕೆ. ದಿನಕ್ಕೆ ನಾಲ್ಕು ಸಲ ಅದನ್ನೇ ನೋಡುವುದು, ಅದಕ್ಕೆ ಮಾತ್ರ ಕಳೆ ಕೀಳುವುದು. ಹಾಗೆ ಮಾಡಬೇಡಿ.

ಸೊಪ್ಪು ಕೊಯ್ದು, ಬೇರು ಕತ್ತರಿಸಿ, ತೂಕ ಮಾಡಿ ಬರೆಯಿರಿ. ಎರಡೂ ಹೆಚ್ಚುಕಮ್ಮಿ ಒಂದೇ ತೂಕ ಬಂದರೆ ಸಲಹೆ ಸುಳ್ಳು ಎಂದಲ್ಲ, ನಿಮಗೆ ಅದರ ಅಗತ್ಯ ಇಲ್ಲ. ಪತ್ರಿಕೆಯ ಎರಡೂ ಕುಂಡ ಸೊರಗಿದರೆ, ನಾಲ್ಕನೇ ಹಂತಕ್ಕೆ ಹೋಗಿ ಹವಾಮಾನದ ವಿಚಾರ ಮತ್ತೆ ನೋಡಿ.

ಹಂತ 9: ಚಂದಾ

ಒಂದು ವರ್ಷಕ್ಕೆ ಮಾತ್ರ ಕಟ್ಟಿ. ಮೂರು, ಐದು ವರ್ಷದ ರಿಯಾಯಿತಿ ಎಷ್ಟೇ ಇರಲಿ, ಮೊದಲ ಸಲ ಬೇಡ. ನಾನು ಒಮ್ಮೆ ಮೂರು ವರ್ಷಕ್ಕೆ ಕಟ್ಟಿದ್ದೆ, ಐದು ಸಂಚಿಕೆ ಬಂದು ಪತ್ರಿಕೆಯೇ ನಿಂತಿತು, ದುಡ್ಡು ವಾಪಸ್ ಬರಲಿಲ್ಲ. ಹೆಸರಾಂತ ಪತ್ರಿಕೆಗೂ ಹೀಗಾಗುತ್ತದೆ. ಇಂಗ್ಲೆಂಡಿನ ಅಮೆಚೂರ್ ಗಾರ್ಡನಿಂಗ್ ವಾರಪತ್ರಿಕೆ 1884ರಿಂದ ಬರುತ್ತಿದ್ದದ್ದು 2023ರಲ್ಲಿ ನಿಂತುಹೋಯಿತು.

ಸಂಚಿಕೆ ತಲುಪದಿದ್ದರೆ ಮರಳಿ ಕಳಿಸುತ್ತಾರೆಯೇ ಎಂದು ಮೊದಲೇ ಕೇಳಿ. ಪಿನ್‌ಕೋಡ್ ಸರಿಯಾಗಿ ಬರೆಯಿರಿ. ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 10: ಓದುವ ಕ್ರಮ, ನಿಲ್ಲಿಸುವ ಹೊತ್ತು

ಸಂಚಿಕೆ ಬಂದ ದಿನವೇ ಕವರ್ ಹರಿದು ಬಿಡಿ. ಅರ್ಧ ಗಂಟೆ, ಕೈಯಲ್ಲಿ ಪೆನ್ಸಿಲ್. ಈ ತಿಂಗಳು ಮಾಡಬಹುದಾದ ಒಂದೇ ಕೆಲಸ ಆರಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿ, ಪುಟದ ಸಂಖ್ಯೆ ಸಮೇತ. ಹತ್ತು ಕೆಲಸ ಬರೆದುಕೊಂಡರೆ ಒಂದೂ ಆಗುವುದಿಲ್ಲ.

ಓದಿದ ಸಂಚಿಕೆಗಳನ್ನು ವರ್ಷದ ಪ್ರಕಾರ ಪೇರಿಸಿಡಬೇಡಿ, ತಿಂಗಳ ಪ್ರಕಾರ ಇಡಿ. ಹನ್ನೆರಡು ಬಟ್ಟೆ ಚೀಲ ಸಾಕು. ಎಲ್ಲ ವರ್ಷದ ಜೂನ್ ಒಂದು ಚೀಲದಲ್ಲಿ, ಎಲ್ಲ ನವೆಂಬರ್ ಇನ್ನೊಂದರಲ್ಲಿ. ಮುಂದಿನ ಜೂನ್ ಬಂದಾಗ ಆ ಚೀಲ ತೆಗೆದು, ಹೋದ ವರ್ಷದ ಲೇಖನವೇ ಫೋಟೊ ಬದಲಾಗಿ ಮತ್ತೆ ಬಂದಿದೆಯೇ ಎಂದು ಹೋಲಿಸಿ. ಅರ್ಧಕ್ಕಿಂತ ಹೆಚ್ಚು ಹಳೆಯದೇ ಇದ್ದರೆ ನವೀಕರಿಸಬೇಡಿ, ನಿಮ್ಮ ಹತ್ತಿರ ಆ ಸಂಚಿಕೆ ಆಗಲೇ ಇದೆ. ಐದು ಪ್ರಶ್ನೆಗಳ ಪುಟವನ್ನೂ ಆಗಲೇ ತೆಗೆಯಿರಿ. ಎಷ್ಟಕ್ಕೆ ಉತ್ತರ ಸಿಕ್ಕಿದೆ ಎಂದು ಗುರುತು ಹಾಕಿ, ಎರಡಕ್ಕಾದರೂ ಸಿಕ್ಕಿದ್ದರೆ ಇನ್ನೊಂದು ವರ್ಷಕ್ಕೆ ಕಟ್ಟಿ, ಹೊಸ ಐದು ಪ್ರಶ್ನೆ ಬರೆದು ಪುಟವನ್ನು ಅದೇ ಚೀಲಕ್ಕೆ ಹಾಕಿಡಿ.